ಚೌಕಿಯಲ್ಲಿ ಕಳಚಿಡುವ ವೇಷ

ತೀರ್ಥಹಳ್ಳಿಯ ರಾಮೇಶ್ವರ ದೇವಸ್ಥಾನದ ಹತ್ತಿರ ತುಂಗೆ ಕಪ್ಪು ಬಂಡೆಗಳ ನಡುವೆ ನುಸುಳಿ ಹರಿಯುತ್ತಾಳೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಬಂದವರು ಅಲ್ಲಿನ ರಾಮತೀರ್ಥದಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ದೇವರಿಗೆ ಕೈಮುಗಿಯುತ್ತಾರೆ. ಊರಿಗೆ ಹೆಸರು ಕೊಟ್ಟ ಈ ತೀರ್ಥದ ಹಿಂದೆ ಒಂದು ಕೊಲೆಯ ಕಥೆ ಇದೆ. ತಾಯಿಯ ತಲೆ ಕಡಿದ ಪರಶುರಾಮ ಕೊಡಲಿಯ ರಕ್ತವನ್ನು ಎಷ್ಟೋ ಕಡೆ ತೊಳೆದ, ಹೋಗಲಿಲ್ಲ. ಕೊನೆಗೆ ಇಲ್ಲಿ ತೊಳೆದಾಗ ಹೋಯಿತು ಎಂದು ಊರಿನ ಹಿರಿಯರು ಹೇಳುತ್ತಾರೆ.

ಆ ತಾಯಿ ಮಾಡಿದ ತಪ್ಪೇನು? ರೇಣುಕೆ ದಿನವೂ ಹೊಳೆಯ ಹಸಿ ಮರಳಿನಲ್ಲೇ ಕೊಡ ಮಾಡಿ ನೀರು ತರುತ್ತಿದ್ದಳು. ಒಂದು ದಿನ ನೀರಾಟ ಆಡುತ್ತಿದ್ದ ಗಂಧರ್ವನನ್ನು ಕಂಡಳು, ಒಂದು ಕ್ಷಣ ಮನಸ್ಸು ಅತ್ತ ಹರಿಯಿತು, ಕೊಡ ಕೂಡಿಬರಲಿಲ್ಲ. ಬರಿಗೈಯಲ್ಲಿ ಬಂದ ಹೆಂಡತಿಯನ್ನು ನೋಡಿ ಜಮದಗ್ನಿಗೆ ಎಲ್ಲವೂ ‘ತಿಳಿಯಿತು’. ಅವಳು ಯಾರ ಜೊತೆಗೂ ಹೋಗಿರಲಿಲ್ಲ, ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ. ಮನಸ್ಸಿನಲ್ಲಿ ಹಾದುಹೋದ ಒಂದು ನೆರಳಿಗೆ, ಗಂಡನ ಆಜ್ಞೆಯಂತೆ ಮಗನ ಕೈಯಿಂದಲೇ, ಮರಣದಂಡನೆ ಆಯಿತು. ಸಾಗರದಿಂದ ಉತ್ತರಕ್ಕೆ ಸೊರಬದ ಚಂದ್ರಗುತ್ತಿಗೆ ಹೋದರೆ ಅದೇ ರೇಣುಕೆ ಗುಹೆಯೊಳಗೆ ದೇವಿಯಾಗಿ ಕುಳಿತಿದ್ದಾಳೆ. ಕೊಂದವರ ಕೊಡಲಿಗೆ ಒಂದು ತೀರ್ಥ, ಸತ್ತವಳಿಗೆ ಒಂದು ಗುಡಿ. ನಮ್ಮ ಸೀಮೆ ಗಂಡನ ಹೊಟ್ಟೆಕಿಚ್ಚನ್ನು ಇಷ್ಟು ಆಳವಾಗಿ ನೆನಪಿಟ್ಟುಕೊಂಡಿದೆ.

ದಾಂಪತ್ಯದ ಹೊಟ್ಟೆಕಿಚ್ಚು ಮತ್ತು ಅದರ ಜೊತೆಗೆ ಗಂಡ ಹೆಂಡಿರು ತಾವಾಗಿಯೇ ಆಡುವ ಒಂದು ಆಟ, ಇವೆರಡೂ ಈ ಅಧ್ಯಾಯದ ವಿಷಯ. ಆಟ ಎಂದರೆ ವೇಷದ ಆಟ. ಪರಿಚಯವೇ ಇಲ್ಲದವರಂತೆ ಹೊರಗೆ ಭೇಟಿಯಾಗುವುದು, ಬೇರೆ ಹೆಸರಿನಲ್ಲಿ ಮಾತಾಡುವುದು, ಇನ್ನೊಬ್ಬರ ಎದುರು ಬೇಕೆಂದೇ ಸಲುಗೆ ತೋರಿ ಸಂಗಾತಿಯ ಮುಖ ನೋಡುವುದು. ಇದು ಹೊರದೇಶದ ಚಾಳಿ, ನಮ್ಮಲ್ಲಿಲ್ಲ ಎಂದುಕೊಂಡರೆ ತಪ್ಪಾದೀತು. ಬಾಗಿಲು ಹಾಕಿದ ಮೇಲೆ ಎಲ್ಲ ಊರಿನಲ್ಲೂ ಜನ ಆಡುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಹೇಳಿಕೊಳ್ಳದ ಕಾರಣಕ್ಕೇ ಆಟ ಕೆಟ್ಟಾಗ ಯಾರನ್ನು ಕೇಳಬೇಕೆಂದೂ ಗೊತ್ತಾಗುವುದಿಲ್ಲ.

ಮೊದಲು ಹೊಟ್ಟೆಕಿಚ್ಚಿಗಿರುವ ಪದಗಳನ್ನೇ ನೋಡೋಣ. ಹೆಂಗಸಿನ ಈ ಭಾವಕ್ಕೆ ಕನ್ನಡದಲ್ಲಿ ‘ಸವತಿ ಮತ್ಸರ’ ಎಂಬ ಸಿದ್ಧ ಹೆಸರಿದೆ. ಗಂಡಸಿನದಕ್ಕೆ ಏನಿದೆ? ‘ಅವನಿಗೆ ಹೆಂಡತಿ ಮೇಲೆ ಅನುಮಾನ’ ಎನ್ನುತ್ತೇವೆ. ಅನುಮಾನ ಎಂಬುದು ತರ್ಕಶಾಸ್ತ್ರದ ಪದ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದನ್ನು ನೈಯಾಯಿಕರು ಅನುಮಾನ ಎಂದರು, ಅದನ್ನು ಪ್ರಮಾಣಗಳ ಸಾಲಿಗೆ ಸೇರಿಸಿದರು. ಅಂದರೆ ಹೆಂಡತಿಯದು ಸುಡುವ ಭಾವನೆ, ಗಂಡನದು ವಿಚಾರಣೆ! ಮಾತಿನಲ್ಲೇ ಅವನಿಗೆ ನ್ಯಾಯಾಧೀಶನ ಕುರ್ಚಿ ಹಾಕಿಕೊಟ್ಟಿದ್ದೇವೆ. ಕಾನೂನೂ ಬಹಳ ಕಾಲ ಹಾಗೆಯೇ ಇತ್ತು. 1860ರ ದಂಡಸಂಹಿತೆಯ 497ನೇ ಕಲಮಿನ ಪ್ರಕಾರ ಹೆಂಡತಿಯೊಂದಿಗೆ ಸಂಬಂಧ ಬೆಳೆಸಿದ ಪರಪುರುಷನ ಮೇಲೆ ಗಂಡ ದೂರು ಕೊಡಬಹುದಿತ್ತು. ಗಂಡ ತಪ್ಪಿ ನಡೆದರೆ ಹೆಂಡತಿಗೆ ಆ ಹಕ್ಕು ಇರಲಿಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ರದ್ದು ಮಾಡಿತು.

ಆದರೆ ಕನ್ನಡದ ಇನ್ನೊಂದು ಪದ ವಿಜ್ಞಾನಕ್ಕೆ ಬಹಳ ಹತ್ತಿರದ್ದು. ‘ಹೊಟ್ಟೆಕಿಚ್ಚು’. ಸಂಗಾತಿ ಕೈತಪ್ಪಿ ಹೋದಾರು ಎಂಬ ಅನಿಸಿಕೆ ಬಂದ ಕೂಡಲೇ ಮಿದುಳು ದೇಹಕ್ಕೆ ಅಪಾಯದ ಸುದ್ದಿ ಕಳಿಸುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಜಠರ ಮತ್ತು ಕರುಳಿನ ಕಡೆ ಹರಿಯುತ್ತಿದ್ದ ರಕ್ತ ಕೈಕಾಲಿನ ಸ್ನಾಯುಗಳತ್ತ ತಿರುಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಊಟ ಸೇರುವುದಿಲ್ಲ, ಹೊಟ್ಟೆಯಲ್ಲಿ ಸಂಕಟ. ಹಳೆಯ ಕನ್ನಡಿಗರು ಗ್ರಂಥಿಯ ಹೆಸರು ಅರಿಯದೆಯೇ ಉರಿಯುವ ಜಾಗವನ್ನು ಸರಿಯಾಗಿ ಗುರುತಿಸಿದ್ದರು.

ಈ ಕಿಚ್ಚು ಮನುಷ್ಯನಿಗಿಂತ ಬಹಳ ಹಳೆಯದು. ಹೊಸನಗರದ ಕಡೆ ಯಾವುದೇ ಹಳ್ಳದ ದಂಡೆಯಲ್ಲಿ ಮಳೆ ಬಿಟ್ಟ ಹೊತ್ತಿನಲ್ಲಿ ಕೂತು ನೋಡಿ. ಏರೋಪ್ಲೇನ್ ಚಿಟ್ಟೆಯ ಹತ್ತಿರದ ಬಂಧು ಎನ್ನಬಹುದಾದ, ರೆಕ್ಕೆ ಮಡಿಸಿ ಕೂರುವ ಸಣಕಲು ಕೀಟಗಳು ಜೋಡಿಯಾಗಿ ಹಾರುತ್ತಿರುತ್ತವೆ. ಹೆಣ್ಣು ನೀರಿನ ಗಿಡಕ್ಕೆ ಮೊಟ್ಟೆ ಇಡುತ್ತಿದ್ದರೆ ಗಂಡು ತನ್ನ ಬಾಲದ ತುದಿಯ ಇಕ್ಕಳದಿಂದ ಅವಳ ಕುತ್ತಿಗೆಯ ಬುಡವನ್ನು ಹಿಡಿದೇ ಇರುತ್ತದೆ. ನೋಡಿದವರು ಎಂಥಾ ಪ್ರೀತಿ ಎಂದಾರು. ಅದು ಕಾವಲು. 1979ರಲ್ಲಿ ಜೊನಾಥನ್ ವಾಗೆ ಎಂಬ ಅಮೆರಿಕದ ಜೀವವಿಜ್ಞಾನಿ ಈ ಬಳಗದ ಒಂದು ಕೀಟವನ್ನು ಪರೀಕ್ಷಿಸಿ, ಗಂಡು ಕೂಡುವಾಗ ತನ್ನ ವೀರ್ಯ ಬಿಡುವ ಮೊದಲು ಹೆಣ್ಣಿನ ದೇಹದಲ್ಲಿದ್ದ ಹಿಂದಿನ ಗಂಡಿನ ವೀರ್ಯವನ್ನು ಕೆರೆದು ಹೊರಹಾಕುತ್ತದೆ ಎಂದು ತೋರಿಸಿದರು. ತಾನು ಮಾಡಿದ್ದನ್ನೇ ಮುಂದೆ ಬರುವವನೂ ಮಾಡಬಲ್ಲ. ಆದ್ದರಿಂದ ಮೊಟ್ಟೆ ಇಟ್ಟು ಮುಗಿಯುವ ತನಕ ಕಾವಲು ಕಾಯುವ ಗಂಡಿನ ಸಂತತಿ ಉಳಿಯಿತು, ಕಾಯದವನದು ಉಳಿಯಲಿಲ್ಲ.

ಕೋತಿಗಳ ಕಡೆ ಬಂದರೆ ಕಥೆ ನಮಗೆ ಇನ್ನೂ ಹತ್ತಿರವಾಗುತ್ತದೆ. ದಕ್ಷಿಣ ಅಮೆರಿಕದ ಟೀಟಿ ಕೋತಿಗಳು ಬಾಲಕ್ಕೆ ಬಾಲ ಹೆಣೆದು ಕೂರುವ ಜೋಡಿಜೀವಿಗಳು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಕರೆನ್ ಬೇಲ್ಸ್ ಅವರ ತಂಡ ಗಂಡು ಟೀಟಿಯನ್ನು ಅದರ ಸಂಗಾತಿ ಬೇರೊಂದು ಗಂಡಿನ ಪಕ್ಕ ಕೂತಿರುವುದು ಕಾಣುವಂತೆ ಅರ್ಧ ಗಂಟೆ ಇರಿಸಿತು. ಬಳಿಕ ಮಿದುಳಿನ ಚಿತ್ರ ತೆಗೆದಾಗ ಸಿಂಗ್ಯುಲೇಟ್ ಎಂಬ ಪಟ್ಟಿಯಲ್ಲೂ ಪಾರ್ಶ್ವ ಸೆಪ್ಟಮ್ ಎಂಬ ಭಾಗದಲ್ಲೂ ಚಟುವಟಿಕೆ ಏರಿತ್ತು. ಮೊದಲನೆಯದು ಮನುಷ್ಯರಲ್ಲಿ ಸಾಮಾಜಿಕ ನೋವಿಗೆ, ಅಂದರೆ ಗುಂಪಿನಿಂದ ಹೊರಗಿಟ್ಟಾಗ ಆಗುವ ಸಂಕಟಕ್ಕೆ, ಸಂಬಂಧಿಸಿದ ಜಾಗ. ಎರಡನೆಯದು ಜೋಡಿಬಂಧಕ್ಕೆ ಸೇರಿದ್ದು. 2017ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಓದುವುದು ಹೀಗೆ: ಬಂಧ ಕಟ್ಟುವ ಯಂತ್ರ ಮತ್ತು ನೋಯುವ ಯಂತ್ರ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ ಎರಡು ಎತ್ತುಗಳು. ಒಂದನ್ನು ಬಿಚ್ಚಿದರೆ ಇನ್ನೊಂದು ಕೂಗುತ್ತದೆ.

ಮನುಷ್ಯರ ವಿಷಯದಲ್ಲಿ ವಿಜ್ಞಾನಿಗಳೇ ದಶಕಗಳ ಕಾಲ ಜಗಳವಾಡಿದ್ದಾರೆ. 1992ರಲ್ಲಿ ಡೇವಿಡ್ ಬಸ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು: ನಿಮ್ಮ ಸಂಗಾತಿ ಬೇರೆಯವರ ಜೊತೆ ದೇಹ ಹಂಚಿಕೊಂಡರೆ ಹೆಚ್ಚು ನೋವೋ, ಮನಸ್ಸು ಕೊಟ್ಟರೆ ಹೆಚ್ಚು ನೋವೋ? ಗಂಡಸರಲ್ಲಿ ನೂರಕ್ಕೆ 60 ಮಂದಿ ಮೊದಲನೆಯದನ್ನು ಆರಿಸಿದರು. ಹೆಂಗಸರಲ್ಲಿ ನೂರಕ್ಕೆ 83 ಮಂದಿ ಎರಡನೆಯದನ್ನು ಆರಿಸಿದರು. ಮಗು ತನ್ನದೇ ಎಂಬ ಖಾತ್ರಿ ಗಂಡಿಗಿಲ್ಲ, ಆಸರೆ ಉಳಿಯುತ್ತದೆಂಬ ಖಾತ್ರಿ ಹೆಣ್ಣಿಗಿಲ್ಲ, ವಿಕಾಸವೇ ಹೀಗೆ ರೂಪಿಸಿದೆ ಎಂದು ಅವರು ವಾದಿಸಿದರು. ಇದು ಪತ್ರಿಕೆಗಳಲ್ಲಿ ಬಹಳ ಓಡಾಡಿದ ಅಧ್ಯಯನ. ಆದರೆ ಕ್ರಿಸ್ಟೀನ್ ಹ್ಯಾರಿಸ್ ಕಲ್ಪನೆಯ ಪ್ರಶ್ನೆ ಬಿಟ್ಟು, ನಿಜಕ್ಕೂ ಮೋಸ ಹೋದವರನ್ನು ಕೇಳಿದಾಗ ಗಂಡಸರೂ ಹೆಂಗಸರೂ ಮನಸ್ಸಿನ ದ್ರೋಹದ ಮೇಲೇ ಹೆಚ್ಚು ಕೊರಗಿದ್ದು ಕಂಡಿತು. ನನಗೆ ಹ್ಯಾರಿಸ್ ಅವರ ಕಡೆಯೇ ಹೆಚ್ಚು ನಂಬಿಕೆ. ಆಗದ ದುಃಖವನ್ನು ಊಹಿಸುವುದು ಬೇರೆ, ಆದ ದುಃಖವನ್ನು ಉಣ್ಣುವುದು ಬೇರೆ. ಜಮದಗ್ನಿಯೂ ಹೆಂಡತಿಯ ದೇಹದ ಲೆಕ್ಕ ಕೇಳಲಿಲ್ಲ, ಮನಸ್ಸಿನ ಲೆಕ್ಕ ಕೇಳಿದ.

ಇಷ್ಟು ಸುಡುವ ವಸ್ತುವಿನ ಜೊತೆ ಬುದ್ಧಿವಂತರಾದ ಇಬ್ಬರು ಆಟ ಏಕೆ ಆಡುತ್ತಾರೆ?

ಉತ್ತರದ ಅರ್ಧ ಭಾಗ ಡೋಪಮಿನ್‌ನಲ್ಲಿದೆ. ವೂಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಬಾಯಿಗೆ ಹಣ್ಣಿನ ರಸದ ಹನಿ ಬಿಡುತ್ತ, ಡೋಪಮಿನ್ ಸುರಿಸುವ ನರಕೋಶಗಳ ಮಾತು ಕೇಳಿಸಿಕೊಂಡರು. ಅನಿರೀಕ್ಷಿತವಾಗಿ ಹನಿ ಬಿದ್ದಾಗ ಕೋಶಗಳು ಸಿಡಿದೆದ್ದವು. ದೀಪ ಹತ್ತಿದ ಮೇಲೆ ಹನಿ ಬರುತ್ತದೆ ಎಂದು ಕೋತಿಗೆ ರೂಢಿಯಾದ ಬಳಿಕ ಹನಿ ಬಿದ್ದರೂ ಅವು ಸುಮ್ಮನಿದ್ದವು. ರಸದ ಸಿಹಿ ಅದೇ, ನಾಲಿಗೆಯೂ ಅದೇ. ಹೋದದ್ದು ಬೆರಗು. ಹದಿನೈದು ವರ್ಷ ಒಂದೇ ಮನೆಯಲ್ಲಿ ಬಾಳಿದ ಜೋಡಿಯನ್ನು ನೆನೆಯಿರಿ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ರಾತ್ರಿಗಳು, ಮಕ್ಕಳ ಶಾಲೆ, ತೋಟದ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಗಡಿಬಿಡಿ. ಅವನು ಮುಂದೆ ಏನು ಹೇಳುತ್ತಾನೆಂದು ಅವಳಿಗೆ ಗೊತ್ತು, ಅವಳು ಯಾವಾಗ ನಿಟ್ಟುಸಿರು ಬಿಡುತ್ತಾಳೆಂದು ಅವನಿಗೆ ಗೊತ್ತು. ಪ್ರೀತಿ ಬತ್ತಿರುವುದಿಲ್ಲ, ಬೆರಗು ಬತ್ತಿರುತ್ತದೆ. ಅಪರಿಚಿತರ ವೇಷ ಆ ಬೆರಗನ್ನು ಒಂದು ಸಂಜೆಯ ಮಟ್ಟಿಗೆ ಮರಳಿ ತರುತ್ತದೆ.

ಉಳಿದ ಅರ್ಧಕ್ಕೆ ಕಾಲುಸಂಕ ನೆನಪಿಸಿಕೊಳ್ಳಿ. ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಮಳೆಗಾಲದ ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿ, ಹಿಡಿಯಲು ಒಂದು ಗಳು ಅಥವಾ ಬಳ್ಳಿ, ಕೆಳಗೆ ಕೆಂಪು ನೀರು. ದಾಟಿ ಆಚೆ ದಡ ಸೇರಿದ ಮೇಲೂ ಎದೆ ಒಂದಷ್ಟು ಹೊತ್ತು ಹೊಡೆದುಕೊಳ್ಳುತ್ತಲೇ ಇರುತ್ತದೆ. ಆಗ ಎದುರು ಸಿಕ್ಕ ಮುಖ ಯಾವುದಾದರೂ ಚೆಂದ ಕಾಣುತ್ತದೆ. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಕೆನಡಾದ ಕ್ಯಾಪಿಲಾನೊ ಎಂಬಲ್ಲಿ ಇದನ್ನೇ ಪರೀಕ್ಷಿಸಿದರು. ಸುಮಾರು 230 ಅಡಿ ಆಳದ ಕಣಿವೆಯ ಮೇಲೆ ತೂಗುವ ಸೇತುವೆಯಲ್ಲಿ ನಡೆದುಬಂದ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ ತನ್ನ ಫೋನ್ ನಂಬರ್ ಕೊಟ್ಟಳು. ಹತ್ತಿರದ ಗಟ್ಟಿ ಸೇತುವೆಯ ಮೇಲೂ ಹಾಗೆಯೇ ಮಾಡಲಾಯಿತು. ತೂಗುಸೇತುವೆಯಲ್ಲಿ ನಂಬರ್ ಪಡೆದ 18 ಮಂದಿಯಲ್ಲಿ 9 ಮಂದಿ ಫೋನ್ ಮಾಡಿದರು, ಗಟ್ಟಿ ಸೇತುವೆಯ 16 ಮಂದಿಯಲ್ಲಿ ಇಬ್ಬರು. ಸಂಖ್ಯೆ ಸಣ್ಣದು, ಒಂದೇ ಪ್ರಯೋಗದ ಮೇಲೆ ಮನೆ ಕಟ್ಟಲಾಗದು. ಆದರೂ ಒಂದು ಸಂಗತಿ ನಿಲ್ಲುತ್ತದೆ. ದೇಹ ಕೊಡುವುದು ಬರೀ ಕಾವು. ಅದಕ್ಕೆ ಭಯ ಎಂದೋ ಮೋಹ ಎಂದೋ ಹೆಸರಿಡುವುದು ಮನಸ್ಸು.

ಅದೇ ಆರನ್ 2000ದಲ್ಲಿ ಗಂಡ ಹೆಂಡಿರನ್ನು ಕರೆಸಿ, ಅವರ ಕೈಕಾಲುಗಳನ್ನು ಪರಸ್ಪರ ಪಟ್ಟಿಯಿಂದ ಬಿಗಿದು, ಕೈಬಳಸದೆ ದಿಂಬೊಂದನ್ನು ಇಬ್ಬರ ನಡುವೆ ಒತ್ತಿಹಿಡಿದು ಚಾಪೆಯ ಮೇಲೆ ಅಂಬೆಗಾಲಿಡುತ್ತ ಅಡ್ಡಗೋಡೆ ದಾಟಿಸಿದರು. ಏಳು ನಿಮಿಷದ ಹುಡುಗಾಟ. ಚೆಂಡು ಉರುಳಿಸುವಂಥ ಸಪ್ಪೆ ಕೆಲಸ ಕೊಟ್ಟ ಜೋಡಿಗಳಿಗಿಂತ ಈ ಜೋಡಿಗಳಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಂತೋಷ ಮೂಡಿತ್ತು. ಹೊಸತು ಮತ್ತು ಸ್ವಲ್ಪ ಎದೆಬಡಿತ, ಇಷ್ಟಿದ್ದರೆ ಸಾಕು. ಹೊಟ್ಟೆಕಿಚ್ಚೇ ಬೇಕೆಂದಿಲ್ಲ. ವೇಷದಾಟ ಆಡುವವರು ಕಾವಿಗಾಗಿ ಹೊಟ್ಟೆಕಿಚ್ಚನ್ನೇ ಸೌದೆ ಮಾಡಿಕೊಂಡರೆ ಎಡವುವುದು ಅಲ್ಲೇ. ಒಂದೇ ಎದೆಬಡಿತಕ್ಕೆ ಬೆಳಿಗ್ಗೆ ಮೋಹ ಎಂದಿಟ್ಟ ಹೆಸರನ್ನು ಸಂಜೆ ಸಂಶಯ ಎಂದು ತಿದ್ದಲು ಹೆಚ್ಚು ಹೊತ್ತು ಬೇಡ.

ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಇಬ್ಬರೂ ಬೇರೆ ಬೇರೆ ಹೋಗುವುದು, ಗುರುತಿಲ್ಲದವರಂತೆ ನಡೆದುಕೊಳ್ಳುವುದು ಎಂದು ಮಾತಾಗಿದೆ. ಅವಳು ಬಳೆ ಅಂಗಡಿಯ ಮುಂದೆ ನಿಂತಿದ್ದಾಳೆ. ಅವನು ಪರವೂರಿನವನಂತೆ ಬಂದು ದೇವಸ್ಥಾನಕ್ಕೆ ದಾರಿ ಕೇಳುತ್ತಾನೆ. ಅವಳು ನಗು ತಡೆದುಕೊಂಡು ದಾರಿ ತೋರಿಸುತ್ತಾಳೆ. ಎಷ್ಟೋ ವರ್ಷದ ಮೇಲೆ ಅವಳ ಕಣ್ಣನ್ನು ಅವನು ಸರಿಯಾಗಿ ನೋಡುತ್ತಿದ್ದಾನೆ. ಇಲ್ಲಿಯವರೆಗೆ ಎಲ್ಲವೂ ಸೊಗಸು. ಅಷ್ಟರಲ್ಲಿ ನಿಜವಾದ ಅಪರಿಚಿತನೊಬ್ಬ ಪಕ್ಕದಲ್ಲಿ ನಿಂತು ಅವಳನ್ನು ಮಾತಾಡಿಸುತ್ತಾನೆ. ವೇಷದ ಹುರುಪಿನಲ್ಲಿದ್ದ ಅವಳು ನಗುತ್ತಲೇ ಉತ್ತರಿಸುತ್ತಾಳೆ. ದೂರದಿಂದ ಅವನು ನೋಡುತ್ತಾನೆ. ಮನೆಗೆ ಬಂದ ಮೇಲೆ ಮಾತಿಲ್ಲ. ‘ಎಂತ ಆಯ್ತು?’ ಎಂದು ಅವಳು ಮೂರು ಸಲ ಕೇಳಿದ ಮೇಲೆ ಬಾಯಿ ಬಿಡುತ್ತಾನೆ: ‘ನೀನು ಅಲ್ಲಿ ನಕ್ಕಿದ್ದು ಆಟಕ್ಕೋ, ನಿಜಕ್ಕೋ?’

ಆ ಪ್ರಶ್ನೆಗೆ ಉತ್ತರವಿಲ್ಲ. ಆಟಕ್ಕೆ ಎಂದರೆ, ಇಷ್ಟು ಚೆನ್ನಾಗಿ ನಟಿಸಬಲ್ಲವಳು ಮನೆಯಲ್ಲಿ ಹೆಂಡತಿಯ ಪಾತ್ರವನ್ನೂ ನಟಿಸುತ್ತಿಲ್ಲವೆಂದು ಹೇಗೆ ನಂಬಲಿ ಎನ್ನುತ್ತದೆ ಸಂಶಯ. ನಿಜಕ್ಕೆ ಎಂದರಂತೂ ಮುಗಿದೇ ಹೋಯಿತು. ಅವಳ ಕಲೆಯೇ ಅವಳ ಮೇಲಿನ ಸಾಕ್ಷಿಯಾಗುತ್ತದೆ.

ಇದರ ಒಳಗುಟ್ಟನ್ನು ಬಿಡಿಸಿದವರು ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಮರಿಕೋತಿಗಳು ಕಚ್ಚಾಡುವುದನ್ನು ನೋಡುತ್ತ ಅವರಿಗೆ ಒಂದು ವಿಚಾರ ಹೊಳೆಯಿತು. ಆಟದ ಕಚ್ಚುವಿಕೆ ನಿಜದ ಕಚ್ಚುವಿಕೆಯನ್ನು ಸೂಚಿಸುತ್ತದೆ, ಆದರೆ ನಿಜದ ಕಚ್ಚುವಿಕೆಯ ಅರ್ಥವನ್ನು ಹೊತ್ತಿರುವುದಿಲ್ಲ. ಹಾಗಿರಬೇಕಾದರೆ ‘ಇದು ಆಟ’ ಎಂಬ ಸಂಕೇತ ಇಬ್ಬರ ನಡುವೆ ಸದಾ ಓಡಾಡುತ್ತಿರಬೇಕು. ನಾಯಿಮರಿ ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುವುದನ್ನು ನೋಡಿದ್ದೀರಲ್ಲ, ಅದೂ ಈ ಸಂಕೇತವೇ. ಬೇಟ್ಸನ್ ಇನ್ನೊಂದು ಬಗೆಯ ಆಟವನ್ನೂ ಗುರುತಿಸಿದರು. ಅದರ ತಳದಲ್ಲಿರುವುದು ‘ಇದು ಆಟ’ ಎಂಬ ಒಪ್ಪಂದವಲ್ಲ, ‘ಇದು ಆಟವೇ?’ ಎಂಬ ಪ್ರಶ್ನೆ. ಜಾತ್ರೆಯಿಂದ ಮರಳಿದ ನಮ್ಮ ಜೋಡಿ ಮೊದಲನೆಯ ಆಟದಿಂದ ಎರಡನೆಯದಕ್ಕೆ ಜಾರಿತು. ಬೇಲಿಯ ದಣಪೆ ಯಾವಾಗ ತೆರೆದುಕೊಂಡಿತೆಂದು ಇಬ್ಬರಿಗೂ ತಿಳಿಯಲಿಲ್ಲ, ದನ ತೋಟಕ್ಕೆ ನುಗ್ಗಿತು.

ಈ ದಣಪೆ ಹಾಕುವ ವಿದ್ಯೆ ಮಲೆನಾಡಿಗೆ ಹೊಸದಲ್ಲ. ಯಕ್ಷಗಾನದ ಮಂದಾರ್ತಿ ಮೇಳವೋ ಸಿಗಂದೂರು ಮೇಳವೋ ಊರಿಗೆ ಬಂದಾಗ ಹರಕೆ ಆಟದ ದಿನ ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿದವರಿಗೆ ಇದು ಗೊತ್ತು. ದೇವರಿಗೆ ಪೂಜೆಯಾಗದೆ ಆಟ ಶುರುವಾಗುವುದಿಲ್ಲ. ಕನ್ನಡಿಯ ಮುಂದೆ ಕೂತ ಗಂಡಸು ಕಣ್ಣಿಗೆ ಕಾಡಿಗೆ ತೀಡಿ, ಸೀರೆ ಉಟ್ಟು, ನಿಧಾನವಾಗಿ ದ್ರೌಪದಿಯಾಗುತ್ತಾನೆ. ರಂಗಸ್ಥಳದಲ್ಲಿ ಅವನ ಶೃಂಗಾರಕ್ಕೆ ಊರೇ ಸೋಲುತ್ತದೆ. ಬೆಳಗಿನ ಜಾವ ಭಾಗವತರು ಮಂಗಳ ಹಾಡಿದ ಮೇಲೆ ಚೌಕಿಗೆ ಮರಳಿ, ಎಣ್ಣೆ ಹಚ್ಚಿ ಬಣ್ಣ ಒರೆಸಿ, ಚಾ ಕುಡಿಯುತ್ತಾನೆ. ಯಾರೂ ಅವನನ್ನು ರಾತ್ರಿ ನೀನು ಆ ಭೀಮನನ್ನು ಹಾಗೇಕೆ ನೋಡಿದೆ ಎಂದು ಕೇಳುವುದಿಲ್ಲ. ವೇಷಕ್ಕೆ ಹುಟ್ಟುವ ಜಾಗವಿದೆ, ಸಾಯುವ ಜಾಗವಿದೆ, ನಡುವೆ ತಾಳ ಹಿಡಿದ ಭಾಗವತರಿದ್ದಾರೆ, ಅವರು ನಿಲ್ಲಿಸಿದರೆ ಎಲ್ಲವೂ ನಿಂತೀತು. ಮನೆಯೊಳಗೆ ಆಡುವ ಜೋಡಿಗೆ ಪೂಜೆಯೂ ಇಲ್ಲ, ಮಂಗಳವೂ ಇಲ್ಲ, ಭಾಗವತರೂ ಇಲ್ಲ. ಅವೆಲ್ಲವನ್ನೂ ತಾವೇ ಮಾತಿನಲ್ಲಿ ಕಟ್ಟಿಕೊಳ್ಳಬೇಕು. ಎಲ್ಲಿಂದ ಶುರು, ಎಲ್ಲಿಗೆ ಮುಗಿತಾಯ, ಯಾವ ಮಾತು ಬಂದರೆ ಆಟ ಆ ಕ್ಷಣವೇ ನಿಲ್ಲಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಿಂತ ಮೇಲೆ ಏಕೆ ನಿಲ್ಲಿಸಿದೆ ಎಂಬ ಮುನಿಸು ಕೂಡದು. ಮರುದಿನ ಆ ವೇಷದ ಮಾತನ್ನು ಜಗಳಕ್ಕೆ ತರಕೂಡದು.

ದ್ರೌಪದಿಯ ಮಾತು ಬಂದದ್ದಕ್ಕೆ ವಿರಾಟಪರ್ವವನ್ನೂ ನೆನೆಯಬೇಕು. ಮಳೆ ಬಾರದಾಗ ನಮ್ಮ ಊರುಗಳಲ್ಲಿ ಓದಿಸುತ್ತಿದ್ದ ಭಾಗ ಅದು. ಐವರು ಗಂಡಂದಿರು, ಒಬ್ಬ ಹೆಂಡತಿ, ಒಂದು ವರ್ಷದ ವೇಷ, ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಅಡುಗೆಯ ಭೀಮ ಕಾಡುಮೃಗಗಳೊಂದಿಗೆ ಸೆಣಸುವಾಗ ಸೈರಂಧ್ರಿಯ ವೇಷದ ದ್ರೌಪದಿ ಕಳವಳಗೊಂಡದ್ದನ್ನು ಕಂಡು ರಾಣಿ ಸುದೇಷ್ಣೆ ಇವಳಿಗೆ ಆ ಅಡುಗೆಯವನ ಮೇಲೆ ಮನಸ್ಸು ಎಂದು ಆಡಿಕೊಳ್ಳುತ್ತಾಳೆ. ಸ್ವಂತ ಗಂಡನಿಗೆ ಮರುಗಿದ್ದೇ ಅಪವಾದವಾಯಿತು! ಮತ್ತೆ ಸೈರಂಧ್ರಿಯ ಮೇಲೆ ಕಣ್ಣು ಹಾಕಿದ ಕೀಚಕ. ಅವನಿಗೆ ಇದು ವೇಷವೆಂದು ಗೊತ್ತಿರಲಿಲ್ಲ. ಅವನ ದುಷ್ಟತನಕ್ಕೆ ಅದು ಕ್ಷಮೆಯಲ್ಲ, ಆದರೆ ಅಪಾಯದ ಮೂಲ ಅಲ್ಲೂ ಇದೆ. ಆಟದ ಗುಟ್ಟು ತಿಳಿಯದ ಮೂರನೆಯವನು ಒಳಗೆ ಬಂದ ಕ್ಷಣ ಅದು ಇಬ್ಬರ ಆಟವಾಗಿ ಉಳಿಯುವುದಿಲ್ಲ. ಅವನು ಒಪ್ಪಿ ಬಂದವನಲ್ಲ, ಅವನ ಭಾವನೆ ನಿಜದ್ದು, ಅವನು ಹೇಗೆ ತಿರುಗಿಬೀಳುತ್ತಾನೋ ಯಾರಿಗೂ ಗೊತ್ತಿಲ್ಲ. ಸಾಗರ, ತೀರ್ಥಹಳ್ಳಿಯಂಥ ಊರಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಂಡದ್ದು ಸಂಜೆಯೊಳಗೆ ಮನೆ ತಲುಪುತ್ತದೆ. ಇಬ್ಬರೂ ಸೇರಿ ಆಡಿದ ಆಟಕ್ಕೆ ಹೆಸರು ಕೆಡುವುದು ಅವಳೊಬ್ಬಳದೇ. ಗಂಡು ಹೆಣ್ಣಿಗೆ ಅಪಾಯ ಸಮನಾಗಿ ಹಂಚಿಲ್ಲ ಎಂಬುದನ್ನು ಮರೆತು ಈ ಆಟವನ್ನು ಹೊಗಳುವುದು ನನ್ನಿಂದಾಗದು.

ಆಟ ವಾಸಿ ಮಾಡಿದ ಉದಾಹರಣೆಯೂ ಇದೆ. 1920ರ ದಶಕದ ಆರಂಭದಲ್ಲಿ ವಿಯೆನ್ನಾ ನಗರದಲ್ಲಿ ಯಾಕೋಬ್ ಮೊರೆನೊ ಎಂಬ ವೈದ್ಯ, ಬರೆದಿಟ್ಟ ನಾಟಕವಿಲ್ಲದೆ ಆ ಹೊತ್ತಿಗೆ ಹೊಳೆದದ್ದನ್ನು ಆಡುವ ರಂಗಮಂದಿರ ನಡೆಸುತ್ತಿದ್ದ. ಅಲ್ಲಿ ಮುಗ್ಧ ಹುಡುಗಿಯ ಪಾತ್ರಗಳಿಗೆ ಹೆಸರಾದ ನಟಿಯೊಬ್ಬಳಿದ್ದಳು. ಮೊರೆನೊ ತನ್ನ ಬರಹದಲ್ಲಿ ಅವಳನ್ನು ಬಾರ್ಬರಾ ಎಂದೂ ಗಂಡನನ್ನು ಜಾರ್ಜ್ ಎಂದೂ ಕರೆದಿದ್ದಾನೆ. ರಂಗದ ಮೇಲೆ ದೇವತೆಯಂತಿರುವ ಅವಳು ಮನೆಯಲ್ಲಿ ಬೈಗುಳ, ಹೊಡೆತಕ್ಕೆ ಇಳಿಯುತ್ತಾಳೆ ಎಂದು ಜಾರ್ಜ್ ಬಂದು ಗೋಳಾಡಿದ. ಮೊರೆನೊ ಅವಳಿಗೆ ಬೀದಿಯ ಒರಟು ಹೆಂಗಸಿನ ಪಾತ್ರಗಳನ್ನು ಕೊಟ್ಟ. ಅವಳು ಒಳಗಿದ್ದದ್ದನ್ನೆಲ್ಲ ರಂಗದ ಮೇಲೆ ಸುರಿದಳು. ಕೆಲವು ದಿನದ ಮೇಲೆ ಜಾರ್ಜ್ ಹೇಳಿದ ಬದಲಾವಣೆ ಇದು: ಮನೆಯಲ್ಲಿ ಜಗಳ ಶುರುವಾದರೂ ಮೊದಲಿನ ಬಿರುಸಿಲ್ಲ, ರಂಗದಲ್ಲಿ ಆಡಿದ ದೃಶ್ಯ ನೆನಪಾಗಿ ಅವಳಿಗೇ ನಗು ಬರುತ್ತದೆ, ಅವಳನ್ನು ನೋಡುವ ತನ್ನ ಕಣ್ಣೂ ಮೃದುವಾಗಿದೆ. ಆಮೇಲೆ ಮೊರೆನೊ ಇಬ್ಬರನ್ನೂ ರಂಗಕ್ಕೆ ಹತ್ತಿಸಿ ಅವರ ಮನೆಯ ದೃಶ್ಯಗಳನ್ನೇ ಆಡಿಸಿದ. ಮುಂದೆ ಸೈಕೋಡ್ರಾಮಾ ಎಂಬ ಚಿಕಿತ್ಸೆಯಾಗಿ ಬೆಳೆದದ್ದರ ಮೊಳಕೆ ಇದು. ಈ ಕಥೆಯನ್ನು ಹೇಳಿದವನು ಚಿಕಿತ್ಸೆ ಕಂಡುಹಿಡಿದವನೇ ಎಂಬುದನ್ನು ಓದುಗರು ಲೆಕ್ಕಕ್ಕೆ ಹಿಡಿಯಬೇಕು. ಆದರೂ ಗಮನಿಸಿ, ಅಲ್ಲಿ ರಂಗವಿತ್ತು, ನೋಡುವವರಿದ್ದರು, ನಿಲ್ಲಿಸುವವನಿದ್ದ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ದಶಕಗಳಿಂದ ಊರಿನ ಜನರನ್ನೇ ರಂಗಕ್ಕೆ ಹತ್ತಿಸಿದೆ. ಇನ್ನೊಬ್ಬರ ಬದುಕನ್ನು ಒಂದು ಸಂಜೆ ಹೊತ್ತು ಇಳಿಸುವುದು ನಮ್ಮವರಿಗೆ ಬಾರದ ವಿದ್ಯೆಯಲ್ಲ.

ಆಟ ಬೇರೆ, ಪರೀಕ್ಷೆ ಬೇರೆ. ಇದನ್ನು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಈಗ ಹೆಚ್ಚು ಮನೆ ಮುರಿಯುತ್ತಿರುವುದು ಎರಡನೆಯದರಿಂದ ಎಂಬುದು ನನ್ನ ಅನಿಸಿಕೆ. ಮಾರಿಯ ಬಗ್ಗೆ ಕರ್ನಾಟಕದ ಹಲವೆಡೆ ಹೇಳುವ ಕಥೆಯಲ್ಲಿ ಗಂಡ ತಾನು ಯಾರೆಂಬುದನ್ನು ಮುಚ್ಚಿಟ್ಟು ಬೇರೆ ಕುಲದವನ ವೇಷದಲ್ಲಿ ಮದುವೆಯಾಗುತ್ತಾನೆ, ತಿಳಿದಾಗ ಹೆಂಡತಿ ಮಾರಿಯಾಗಿ ಸಿಡಿಯುತ್ತಾಳೆ. ಆ ಕಥೆಯೊಳಗಿನ ಜಾತಿಯ ವಿಷವನ್ನು ನಾನು ಒಪ್ಪುವುದಿಲ್ಲ. ಅದರ ನಡುವೆ ಇರುವ ಒಂದು ತಿಳಿವು ಮಾತ್ರ ನಮಗೆ ಬೇಕು. ಇಬ್ಬರಿಗೂ ಗೊತ್ತಿರುವ ವೇಷ ಆಟ, ಒಬ್ಬರಿಗೆ ಮಾತ್ರ ಗೊತ್ತಿರುವ ವೇಷ ವಂಚನೆ. ಸುಳ್ಳು ಹೆಸರಿನ ಇನ್‌ಸ್ಟಾಗ್ರಾಂ ಖಾತೆ ತೆರೆದು ಸ್ವಂತ ಹೆಂಡತಿಗೆ ಮೆಸೇಜ್ ಕಳಿಸಿ ಏನು ಉತ್ತರ ಕೊಡುತ್ತಾಳೆಂದು ಕಾಯುವ ಗಂಡ, ಗೆಳತಿಯ ಕೈಲಿ ಗಂಡನಿಗೆ ಫೋನ್ ಮಾಡಿಸುವ ಹೆಂಡತಿ, ಇವರು ಆಡುತ್ತಿರುವುದು ಆಟವಲ್ಲ. ಈ ಪರೀಕ್ಷೆಯಲ್ಲಿ ಪಾಸಾಗುವ ದಾರಿಯೇ ಇಲ್ಲ. ಉತ್ತರ ಕೊಟ್ಟರೆ ತಪ್ಪಿತಸ್ಥೆ. ಕೊಡದಿದ್ದರೆ ಗೊತ್ತಾಗಿರಬೇಕು, ಜಾಣೆ. ಕೆನಡಾದ ಆಮಿ ಮ್ಯೂಸ್ ಮತ್ತು ಸಂಗಡಿಗರು 2009ರಲ್ಲಿ 308 ವಿದ್ಯಾರ್ಥಿಗಳಲ್ಲಿ ಕಂಡದ್ದು, ಫೇಸ್‌ಬುಕ್‌ನಲ್ಲಿ ಹೆಚ್ಚು ಹೊತ್ತು ಕಳೆದವರಲ್ಲಿ ಹೊಟ್ಟೆಕಿಚ್ಚೂ ಹೆಚ್ಚು. ಅವರ ಊಹೆ ಒಂದು ಸುತ್ತುವ ಗಾಣದ್ದು. ಸಂಶಯ ಬಂದವರು ಇಣುಕುತ್ತಾರೆ, ಇಣುಕಿದಲ್ಲಿ ಅರ್ಧಂಬರ್ಧ ಸುಳಿವು ಸಿಗುತ್ತದೆ, ಅದು ಸಂಶಯ ಬೆಳೆಸುತ್ತದೆ, ಮತ್ತೆ ಇಣುಕು.

ಈ ಗಾಣಕ್ಕೆ ಸಿಕ್ಕ ಮನುಷ್ಯನ ಚಿತ್ರ ಬೇಕೆಂದರೆ ಕುಪ್ಪಳಿಯ ಕುವೆಂಪು 1936ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ‘ಕಾನೂರು ಹೆಗ್ಗಡಿತಿ’ಯ ಚಂದ್ರಯ್ಯಗೌಡರು ಮೂರನೆಯ ಹೆಂಡತಿ ಸುಬ್ಬಮ್ಮನ ಮೇಲೆ, ತಮ್ಮ ಅಣ್ಣನ ಮಗ ಹೂವಯ್ಯನ ಮೇಲೆ ಸಂಶಯಪಡುತ್ತಾರೆ. ವಯಸ್ಸಿನ ಅಂತರ, ಆಸ್ತಿಯ ಪಾಲಿನ ಜಗಳ, ಕಿವಿಕಚ್ಚುವವರ ಚಾಡಿ, ಎಲ್ಲವೂ ಸೌದೆಯಾಗುತ್ತವೆ. ಇದನ್ನು ಓದಿದ ಮನೋವೈದ್ಯರಿಗೆ ಏನೂ ಹೊಸದಾಗಿ ಕಾಣದು. ಆಧಾರವಿಲ್ಲದ ಸಂಶಯ ಗಟ್ಟಿಯಾಗಿ, ಯಾವ ಸಾಕ್ಷಿಗೂ ಕರಗದೆ ನಿಂತಾಗ ಅದು ಕಾಯಿಲೆ. 1955ರಲ್ಲಿ ಜಾನ್ ಟಾಡ್ ಮತ್ತು ಕೆನೆತ್ ಡ್ಯೂಹರ್ಸ್ಟ್ ಎಂಬ ವೈದ್ಯರು ಅದಕ್ಕೆ ಶೇಕ್ಸ್‌ಪಿಯರನ ನಾಯಕನಿಂದ ಒಥೆಲೊ ಸಿಂಡ್ರೋಮ್ ಎಂದು ಹೆಸರಿಟ್ಟರು. ಬಹಳ ಕಾಲದ ಕುಡಿತ ಅದಕ್ಕೆ ಗೊತ್ತಿರುವ ಕಾರಣಗಳಲ್ಲೊಂದು. ಮಿದುಳಿನ ಕೆಲವು ಕಾಯಿಲೆಗಳೂ ಅದನ್ನು ಹುಟ್ಟಿಸಬಹುದು. ಬಟ್ಟೆ ಮೂಸುವುದು, ಫೋನ್ ತಪಾಸಣೆ, ಹತ್ತು ನಿಮಿಷ ತಡವಾದರೆ ವಿಚಾರಣೆ, ತಪ್ಪೊಪ್ಪಿಕೋ ಎಂದು ರಾತ್ರಿಯಿಡೀ ಪೀಡಿಸುವುದು, ಇವು ಅದರ ಲಕ್ಷಣಗಳು. ಅಂಥವರ ಜೊತೆ ‘ಅಪರಿಚಿತರ ಆಟ’ ಆಡುವುದು ಒಣಹುಲ್ಲಿನ ಬಣವೆಯ ಪಕ್ಕ ಬೀಡಿ ಹಚ್ಚಿದ ಹಾಗೆ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಶಾಂತಿ ಸಿಕ್ಕೀತೆಂದು ಎಷ್ಟೋ ಹೆಂಗಸರು ಒಪ್ಪಿಕೊಳ್ಳುತ್ತಾರೆ. ಶಾಂತಿ ಸಿಗುವುದಿಲ್ಲ, ಅಪಾಯ ಹೆಚ್ಚುತ್ತದೆ.

ಆಡುವ ಜೋಡಿಗೆ ನಾನು ಆಡಬೇಡಿ ಎನ್ನುವುದಿಲ್ಲ. ಚಿತ್ರ, ವಿಡಿಯೊ ಬೇಡ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಗುಪ್ತಾಂಗದ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲಾಗುವ ಅಪರಾಧ. ಗುಟ್ಟು ತಿಳಿಯದ ಮೂರನೆಯವರು ಬೇಡ. ಕುಡಿದು ಆಡುವುದು ಬೇಡ. ಒಬ್ಬರಿಗೆ ಇಷ್ಟವಿಲ್ಲದ್ದನ್ನು ಪ್ರೀತಿಯ ಹೆಸರಿನಲ್ಲಿ ಒಪ್ಪಿಸುವುದಂತೂ ಬೇಡವೇ ಬೇಡ, ಅದು ಆಟವಲ್ಲ. ಹೊಟ್ಟೆಯಲ್ಲಿ ಕಿಚ್ಚು ಎದ್ದರೆ ಅನುಮಾನ ಎಂಬ ದೊಡ್ಡ ಪದ ಬಳಸದೆ, ‘ನನಗೆ ಹೊಟ್ಟೆಕಿಚ್ಚಾಯ್ತು’ ಎಂದು ಅದರ ಹೆಸರಿನಲ್ಲೇ ಹೇಳಿ. ಗಂಡಸರಿಗೆ ಈ ಮಾತು ಬಾಯಿಗೆ ಬರುವುದು ಕಷ್ಟ. ಆದರೂ ಹೇಳಿ.

ಮಾತು ಮನೆಯೊಳಗೆ ಮುಗಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಹೊಡೆತ, ಬೆದರಿಕೆ ಶುರುವಾಗಿದ್ದರೆ ಕಾಯಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.